ಎತ್ತದೆ ಎಬ್ಬಿಸುವ ರುದ್ರವ್ವ

ಬೆಳಗಿನ ಆರೂವರೆ. ಪುಣೆಯ ಕೋಥರೂಡದ ಹೌಸಿಂಗ್ ಸೊಸೈಟಿಯೊಂದರ ಹಾಲ್‌ನಲ್ಲಿ ರುದ್ರವ್ವ ಎಂಟು ಮರದ ಬೆಂಚು ಒರೆಸಿ, ಪ್ರತಿಯೊಂದರ ಮುಂದೆ ಏಣಿಯಂಥ ಬೆನ್ನಿನ ಕುರ್ಚಿ ಇಡುತ್ತಾರೆ. ಸೆರೆಬ್ರಲ್ ಪಾಲ್ಸಿ ಇರುವ ಎಂಟು ಮಕ್ಕಳು ಇನ್ನರ್ಧ ಗಂಟೆಯಲ್ಲಿ ಬಂದು, ಆ ಕುರ್ಚಿ ಹಿಡಿದು ಏಳುವುದನ್ನು ಕಲಿಯಬೇಕು.

ಊರಾಚೆಯ ಕಾತ್ರಜದಿಂದ ಮೊದಲ ಬಸ್ಸಿಗೆ ಬರುವ, ವಿಜಯಪುರದ ಇಂಡಿ ಕಡೆಯ ರುದ್ರವ್ವನಿಗೆ ಐವತ್ನಾಲ್ಕು. ಹನ್ನೊಂದು ವರ್ಷದಿಂದ ಇಲ್ಲಿ ಆಯಾ, ಆಯ ಅಷ್ಟಕ್ಕಷ್ಟೆ. ಪಾಠ ಥೆರಪಿಸ್ಟ್ ನಿಖಿತಾ ಅವರದು, ದನಿ ಇವರದು. ಸಿಟಿ ಬಸ್ಸಿನ ಕಂಡಕ್ಟರನ ಮೂಗುದನಿಯಲ್ಲಿ 'ಏಕ್, ದೋನ್' ಎಂದು ಮರಾಠಿ ಎಣಿಕೆ ಶುರುಮಾಡಿದರೆ ಮಕ್ಕಳೂ ನಗುತ್ತ ಕೂಗುತ್ತಾರೆ. ಐದಕ್ಕೆ, 'ಪಾಚ್' ಅನ್ನುವಷ್ಟರಲ್ಲಿ, ಏಳಬೇಕು. ಕೊನೆಯವರು ಏಳುವ ತನಕ ಎದ್ದವರು ಕೂರುವಂತಿಲ್ಲ. ಬೆಳಗಿಗೆ ನಲವತ್ತು ಸಲ ಹೀಗೆ.

ಮೊದಲ ವರ್ಷ ಕೆಲಸವೇ ಹೋಗುವುದರಲ್ಲಿತ್ತು. ಅಳುವ ಮಕ್ಕಳನ್ನೆಲ್ಲ ಬಾಚಿ ಎತ್ತುತ್ತಿದ್ದರು. "ನಾಕ ಹಡದಾಕಿ ನಾ. ಕೂಸು ಅತ್ತರ ಕೈ ಸುಮ್ಮನ ಇರ್ತಾವೇನ್ರಿ?" ಎನ್ನುತ್ತಾರೆ. ಹಾಗೆ ಎತ್ತಿಸಿಕೊಂಡ ಹುಡುಗಿಯೊಬ್ಬಳು ಆರು ತಿಂಗಳಾದರೂ ತಾನಾಗಿ ಏಳಲಿಲ್ಲ. ಅಂದಿನಿಂದ ಪಾಠದ ಹೊತ್ತಿನಲ್ಲಿ ಎರಡೂ ಕೈ ಬೆನ್ನ ಹಿಂದೆ.

ಏಳು ವರ್ಷದ ರಿತೇಶ ಬೆಂಚಿನಿಂದ ತಾನೇ ಎದ್ದರೆ ಸೇರಿಸಿಕೊಳ್ಳುತ್ತೇವೆ ಎಂದು ಮನೆ ಹತ್ತಿರದ ಶಾಲೆಯವರು ಹೇಳಿದ್ದಾರೆ. ತಾಯಿ ಮಾಧುರಿ ಇವತ್ತೇ ಉತ್ತರ ಕೊಡಬೇಕು. ಎಣಿಕೆ ಎರಡು ಸಲ ಮುಗಿದರೂ ಅವನು ಕದಲುವುದಿಲ್ಲ. ಉಳಿದ ಏಳೂ ಮಕ್ಕಳು ನಿಂತೇ ಇದ್ದಾರೆ.

"ಲಗೂನ ಏಳೋ, ನನ್ನ ಕಾಲು ನಡಗಲಿಕ್ಕತ್ತಾವ," ಎಂದು ಪಕ್ಕದ ಪುಟ್ಟಿ ಗದರುತ್ತಾಳೆ.

ಮೂರನೆಯ ಸಲ ಅರ್ಧ ಎದ್ದವನು ಧೊಪ್ಪನೆ ಕೂರುತ್ತಾನೆ. ಮಾಧುರಿ ಓಡಿ ಬರುತ್ತಾರೆ.

"ಎತ್ತಬ್ಯಾಡ್ರಿ ಅಕ್ಕಾರ," ಎನ್ನುತ್ತಾರೆ ರುದ್ರವ್ವ. "ನೀವು ಎತ್ತಿದ್ರ ಎದ್ದವರು ನೀವ, ಅಂವ ಅಲ್ಲ."

ಬೆನ್ನ ಹಿಂದೆ ಬೆರಳು ಹೆಣೆದುಕೊಂಡೇ ಮತ್ತೆ 'ಏಕ್'. ಈ ಸಲ ಕಂಡಕ್ಟರನ ಮೂಗುದನಿ ಇಲ್ಲ, ಬರೀ ಅವರದೇ ದನಿ. ನಾಲ್ಕಕ್ಕೆ ಕುರ್ಚಿ ಅಲುಗುತ್ತದೆ. ಐದಕ್ಕೆ ರಿತೇಶ ನಿಂತಿದ್ದಾನೆ, ಬೆವರುತ್ತ. ಉಳಿದವರು ಉಸ್ಸೆಂದು ಕೂರುತ್ತಾರೆ. ಮಾಧುರಿ ಶಾಲೆಗೆ ಫೋನ್ ಮಾಡಲು ಹೊರಗೆ ಹೋಗುತ್ತಾರೆ.

ಶಾಲೆ ಸೇರಿದ ಮೇಲೂ ಶನಿವಾರಕ್ಕೊಮ್ಮೆ ಬರುತ್ತೇನೆಂದು ರಿತೇಶ ಮಾತು ಕೊಡುತ್ತಾನೆ. ರುದ್ರವ್ವ ಒಪ್ಪುವುದಿಲ್ಲ.

"ಶನಿವಾರ ಗೆಳ್ಯಾರ ಜೋಡಿ ಆಡ್ಲಿ, ಜಗಳಾ ಮಾಡ್ಲಿ," ಎಂದು ಮರಳಿ ಬಂದ ಮಾಧುರಿಗೆ ಹೇಳುತ್ತಾರೆ, ಅವನ ಬೆಂಚು ಒರೆಸುತ್ತ. "ಈ ಜಾಗಾಕ್ಕ ನಾಳೆ ಹೊಸಾ ಕೂಸು ಬರ್ತದ್ರಿ. ಅದಕ್ಕ ಇನ್ನ ಕುಂದರಲಿಕ್ಕೂ ಬರಂಗಿಲ್ಲ."