ಡಬ್ಬಿಯೊಳಗಿನ ಹೊಲ

ಕಚೇರಿಗೆ ಬಂದ ಅತಿಥಿಗಳ ಜೊತೆ ಊಟಕ್ಕೆ ಕೂತ ನಮ್ಮ ಚಿಕ್ಕಮ್ಮ ಡಬ್ಬಿಯ ಮುಚ್ಚಳ ತೆಗೆದರೆ ಒಳಗಿದ್ದದ್ದು ಮಣ್ಣು. ಊಟಕ್ಕೆ ಮಣ್ಣು ಬೀಳುವುದನ್ನು ಅಲ್ಲಿದ್ದವರು ಕಣ್ಣಾರೆ ಕಂಡರು.

"ಏನಮ್ಮಾ, ಪಥ್ಯಾನಾ?" ಎಂದರು ನಿರ್ದೇಶಕರು. ಎಲ್ಲರೂ ನಕ್ಕರು. ಚಿಕ್ಕಮ್ಮ ಮಾತ್ರ ಡಬ್ಬಿಯನ್ನು ಎದೆಗವಚಿಕೊಂಡು, "ಸದ್ಯ, ಇದು ಬಚಾವಾಯ್ತು" ಎಂದಳು. ಅದೇ ಥರದ ಅನ್ನದ ಡಬ್ಬಿ ಆಗ ಕ್ರಿಮಿ ಸಾಯಲೆಂದು ಕುಂಡದ ಮಣ್ಣು ಬೇಯಿಸುವ ದೊಡ್ಡ ಕುಕ್ಕರಿನಲ್ಲಿ ಎರಡನೇ ಸಲ ಬೇಯುತ್ತಿತ್ತು. ಕುಕ್ಕರಿಗಿಡುವಾಗ ಕೈ ಈ ಡಬ್ಬಿಯ ಮೇಲೆ ಬಿದ್ದಿದ್ದರೆ ಮಣ್ಣಿನೊಳಗಿನ ಜೀವದ ಕಥೆ ಮುಗಿದೇ ಹೋಗುತ್ತಿತ್ತು.

ಚಿಕ್ಕಮ್ಮನ ಕೆಲಸ ಕೃಷಿ ಸಂಶೋಧನಾ ಕೇಂದ್ರದ ಗಾಜಿನ ಮನೆಯಲ್ಲಿ ಬೇರಿನ ಶಿಲೀಂಧ್ರ ಸಾಕುವುದು. ಕೂದಲಿಗಿಂತ ತೆಳ್ಳಗಿನ ಅದರ ಎಳೆಗಳು ಜೋಳ, ಗೋಧಿಯ ಬೇರಿನೊಳಗೆ ಸೇರಿಕೊಂಡು, ದೂರದ ನೀರು-ಸಾರ ತಂದುಕೊಡುತ್ತವೆ, ಕೊಳೆರೋಗವನ್ನೂ ತಡೆಯುತ್ತವೆ. ಪ್ರತಿಫಲ ಒಂದಿಷ್ಟು ಸಕ್ಕರೆ. ಬೇರು ಬಿಟ್ಟರೆ ಬೇರೆ ಗತಿಯಿಲ್ಲ. ಮನೆಅಳಿಯನ ಜಾತಿ, ಆದರೆ ದುಡಿಯುವ ಮನೆಅಳಿಯ.

ಡಬ್ಬಿಯ ಮಣ್ಣು ಅಜ್ಜಿಯ ಹೊಲದ್ದು. ಅಜ್ಜಿ ಹೋದ ಮೇಲೆ ಮಾವ ಅದನ್ನು ಲಾರಿ ನಿಲ್ಲಿಸುವವರಿಗೆ ಮಾರಿದ್ದ. ಅತಿಥಿಗಳು ಬಂದ ದಿನವೇ ಬೆಳಿಗ್ಗೆ ಕಾಂಕ್ರೀಟು ಸುರಿಯುವ ಮೊದಲು ಚಿಕ್ಕಮ್ಮ ಓಡಿಹೋಗಿ ಒಂದು ಮೂಲೆ ಕೆದಕಿ ತುಂಬಿಕೊಂಡಿದ್ದಳು. ಎಷ್ಟೋ ಕಾಲದಿಂದ ಪೈರು ಕಾಣದ ಮಣ್ಣು. ಒಳಗೆ ಜೀವ ಉಳಿದಿದೆಯೋ ಇಲ್ಲವೋ, ಯಾರಿಗೆ ಗೊತ್ತು?

ಅದನ್ನೇ ಕುಂಡಕ್ಕೆ ಸುರಿದು ಜೋಳ ಬಿತ್ತಿದಳು. ನಾನು ಹೋದಾಗೆಲ್ಲ ಆ ಕುಂಡದ ಮುಂದೆಯೇ ಬಗ್ಗಿರುತ್ತಿದ್ದಳು.

"ಮೂಸಿ ನೋಡೋ. ನಮ್ಮಮ್ಮನ ಸೆರಗಿನ ವಾಸನೆ."

ನನ್ನ ಮೂಗಿಗೆ ಒದ್ದೆ ಮಣ್ಣಷ್ಟೇ ಬಡಿಯಿತು.

ಕೊನೆಗೊಂದು ಮಧ್ಯಾಹ್ನ ಎಳೆಬೇರು ಕತ್ತರಿಸಿ, ತೊಳೆದು, ನೀಲಿ ಶಾಯಿಯಲ್ಲಿ ಅದ್ದಿ, ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮೊದಲು ನನ್ನನ್ನೇ ನೋಡಹೇಳಿದಳು. ಬೇರಿನ ತುಂಬ ನೀಲಿ ಎಳೆಗಳು, ಅಲ್ಲಲ್ಲಿ ಪುಟಾಣಿ ಮರಗಳ ಹಾಗೆ ಕವಲೊಡೆದಿದ್ದವು.

"ಇದೆ, ಚಿಕ್ಕಮ್ಮ!"

ಆಮೇಲೆ ಅವಳು ಕಣ್ಣಿಟ್ಟವಳು ತೆಗೆಯಲೇ ಇಲ್ಲ. ಲಾರಿಗಳ ಕೆಳಗೆ ಹೋದ ಹೊಲದಲ್ಲಿ ಓಡಾಡಿ ಬರುತ್ತಿರಬೇಕು ಎಂದುಕೊಂಡೆ. ಕೊನೆಗೆ ತಡೆಯಲಾರದೆ ಕೇಳಿದೆ:

"ಅಜ್ಜಿ ಹೊಲದಲ್ಲಿ ಜೋಳ ಆಳೆತ್ತರ ಬರ್ತಿತ್ತಂತಲ್ಲ, ಇದರಿಂದಾನೇನಾ?"

"ಯಾರಂದ್ರು?" ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸೊಂಟದ ಮೇಲೆ ಬಂದಿದ್ದೇ ಇಲ್ಲ. ನಾವಿಲ್ಲಿ ಸಾಕಿರೋ ಶಿಲೀಂಧ್ರಗಳಲ್ಲೆಲ್ಲ ಇದೇ ಶುದ್ಧ ಸೋಮಾರಿ ಕಣೋ. ಆ ಕುಂಡ ಇತ್ತ ಸರಿಸು, ನೀರು ಹಾಕ್ಬೇಕು."