ಹೆಬ್ಬೆರಳಿಗೆ ಚುಚ್ಚಿದ ದಡಾರದ ಲಸಿಕೆ

ನನ್ನ ಕೈಗಳಲ್ಲಿ ಏಳು ನರಹುಲಿಗಳಿದ್ದವು. ಎಲ್ಲಕ್ಕಿಂತ ದೊಡ್ಡದು ಬಲಗೈ ಹೆಬ್ಬೆರಳಿನ ಮೇಲೆ, ಕಡಲೆಕಾಳಿನಷ್ಟು. ಅವು ಯಾವಾಗ ಬಂದವೋ ನೆನಪಿಲ್ಲ. ನಾನು ಈ ಪರದೇಶದಲ್ಲಿ, ಪಾರ್ಕ್ ರಾಯಲ್ ಎಂಬಲ್ಲಿನ ಒಂದು ಅಡುಗೆ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಪನೀರ್ ತುಂಬುತ್ತೇನೆ. ಅಲ್ಲಿ ಎಲ್ಲರೂ ನೀಲಿ ಗ್ಲೌಸ್ ಹಾಕಿಕೊಳ್ಳುವುದರಿಂದ ನನ್ನ ಬೆರಳುಗಳು ಯಾರಿಗೂ ಕಾಣುತ್ತಿರಲಿಲ್ಲ. ತಾವಾಗಿಯೇ ಹೋಗುತ್ತವೆ ಎಂದು ಮಾಮೂಲಿ ನೋಡುವ ಜಿಪಿ ಡಾಕ್ಟರು ಹೇಳಿದ್ದರು. ನಾನೂ ಸುಮ್ಮನಿದ್ದೆ.

ಹೆಂಡತಿಗೆ ಕ್ಯಾನ್ಸರ್ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ಅವಳಿಗೆ ಸಣ್ಣ ಸೋಂಕೂ ತಾಗಬಾರದು, ಕೈ ಸ್ವಚ್ಛ ಇರಲಿ ಎಂದು ಆಸ್ಪತ್ರೆಯ ನರ್ಸ್ ಹೇಳಿದರು. ನರಹುಲಿ ಅಂಟುತ್ತದೆ ಎಂದು ನನಗೆ ಗೊತ್ತಿತ್ತು. ಮತ್ತೆ ಯಾರನ್ನೂ ಕೇಳಲಿಲ್ಲ. ಅಂಗಡಿಯಿಂದ ಅದೇ ನೀಲಿ ಗ್ಲೌಸಿನ ಪೆಟ್ಟಿಗೆ ತಂದು ಮಂಚದ ಪಕ್ಕ ಇಟ್ಟೆ. ಅಲ್ಲಿಂದ ಐದು ತಿಂಗಳು, ಅವಳು ತೀರಿಹೋಗುವ ತನಕ, ಬರಿಗೈಯಲ್ಲಿ ಅವಳನ್ನು ಮುಟ್ಟಲಿಲ್ಲ.

"ಏನ್ರೀ, ನಾ ಏನ್ ನಿಮ್ಮ ಫ್ಯಾಕ್ಟರಿ ಪನೀರೇನು?" ಎಂದು ಅವಳು ನಗುತ್ತಿದ್ದಳು.

ಒಂದು ಮಧ್ಯಾಹ್ನ ರೊಟ್ಟಿ ಕೇಳಿದಳು. "ಇಷ್ಟ ವರ್ಷ ನಾ ಬಡದು ಹಾಕೇನಿ. ಒಂದರೆ ನೀವು ಬಡೀರಿ, ಹೆಂಗ ಬರತೈತಿ ನೋಡೋಣು." ನಾನು ಗ್ಲೌಸ್ ಹಾಕಿಕೊಂಡೇ ಜೋಳದ ಹಿಟ್ಟು ನಾದಿದೆ. ಹಿಟ್ಟು ರಬ್ಬರಿಗೆ ಅಂಟಿತು, ತಟ್ಟಲು ಹೋದರೆ ಹರಿದು ಬಂತು. ಕಡೆಗೆ ಹ್ಯಾರೋದ ಇಂಡಿಯನ್ ಅಂಗಡಿಯಿಂದ ಪ್ಯಾಕೆಟ್ ರೊಟ್ಟಿ ತಂದುಕೊಟ್ಟೆ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಉಳಿದದ್ದನ್ನು ತಾಟಿನಲ್ಲೇ ಬಿಟ್ಟಳು.

ಅವಳ ವರ್ಷದ ಎಡೆಗೆ ಇನ್ನು ನಾಲ್ಕು ತಿಂಗಳಿದ್ದಾಗ ಅವಳ ತಂಗಿ ಸ್ಟ್ಯಾನ್ಮೋರ್‌ನಿಂದ ಮನೆಗೆ ಬಂದಳು.

"ಮಾಮಾ, ಎಡಿಗೆ ರೊಟ್ಟಿ ನಾ ಬಡಕೊಂಡು ಬರ್ತೀನಿ ತಗೋರಿ."

"ಬ್ಯಾಡವಾ, ನಾನ ಬಡೀತೀನಿ."

"ನೀವಾ?" ಅವಳು ನನ್ನ ಬೆರಳುಗಳನ್ನು ನೋಡಿದಳು. "ಆ ಕೈಲೆ? ಮಂದಿ ಉಣ್ಣೋದೈತ್ರಿ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ತನ್ನ ಮನೆಯ ಹತ್ತಿರದ ಖಾಸಗಿ ಚರ್ಮದ ಡಾಕ್ಟರ ನಂಬರ್ ಕೊಟ್ಟವಳೂ ಅವಳೇ.

ಡಾಕ್ಟರು ಬೆಂಗಳೂರಿನ ಹೆಣ್ಣುಮಗಳು. ನನ್ನ ಹೆಸರು ಓದಿ ಕನ್ನಡದಲ್ಲಿ ಮಾತಾಡಿಸಿದರು. ಅದರಿಂದಲೇ ನನಗೆ ಮೊದಲ ಅನುಮಾನ ಬಂತು. ಆಸ್ಪತ್ರೆಯಲ್ಲೂ ಒಬ್ಬರು ಹೀಗೆ ನಮ್ಮ ಭಾಷೆಯಲ್ಲಿ ಮೆತ್ತಗೆ ಮಾತಾಡಿ, ಹೆಂಡತಿಯ ಮೈಯನ್ನೇ ರೋಗದ ವಿರುದ್ಧ ಎಬ್ಬಿಸುವ ಔಷಧ ಇದೆ ಎಂದಿದ್ದರು. ಅವಳ ಮೈ ಏಳಲಿಲ್ಲ.

"ಸರ್, ಇದಕ್ಕೆ ಇಮ್ಯುನೊಥೆರಪಿ ಮಾಡಬಹುದು" ಎಂದರು ಡಾಕ್ಟರು.

ಅದೇ ಹೆಸರು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಯಾಕೆ ಎಂದು ಅವರು ಕೇಳಿದಾಗ ಹೆಂಡತಿಯ ವಿಷಯ ಹೇಳಿದೆ.

"ಅದೇ ಬೇರೆ ಔಷಧ ಸರ್, ಇದೇ ಬೇರೆ. ಹೆಸರು ಮಾತ್ರ ಒಂದು. ಇಲ್ಲಿ ಮಕ್ಕಳಿಗೆ ಹಾಕೋ ದಡಾರದ ಲಸಿಕೇನ ಈ ಹೆಬ್ಬೆರಳಿನ ದೊಡ್ಡ ನರಹುಲಿ ಒಳಗೇ ಸ್ವಲ್ಪ ಚುಚ್ಚತೀವಿ."

"ದಡಾರದ ಲಸಿಕಿ ನರೂಲಿಗ್ಯಾಕ್ರಿ?"

"ನರಹುಲಿ ವೈರಸ್ಸಿಂದ ಬರೋದು. ಅದು ಚರ್ಮದಲ್ಲಿ ತೆಪ್ಪಗೆ ಕೂತಿರತ್ತೆ, ಅದು ಇರೋದೇ ದೇಹಕ್ಕೆ ಗೊತ್ತಾಗಲ್ಲ. ಲಸಿಕೆ ಕಂಡ್ರೆ ಮಾತ್ರ ದೇಹ ಜಗಳಕ್ಕೆ ಬರತ್ತೆ. ಬಂದಾಗ ಪಕ್ಕದಲ್ಲಿ ಕೂತಿರೋ ಇದನ್ನೂ ನೋಡತ್ತೆ."

"ಹೆಬ್ಬೆರಳಿಗೆ ಚುಚ್ಚಿದ್ರ ಎಡಗೈಯಾವು ಹೆಂಗ ಹೋಗ್ತಾವ್ರಿ?"

"ಒಂದ್ಸಲ ಗುರುತು ಸಿಕ್ಕಿದ್ರೆ ಎಲ್ಲಿದ್ರೂ ಹುಡುಕತ್ತೆ. ಆದ್ರೆ ಎಲ್ಲರಿಗೂ ಆಗತ್ತೆ ಅಂತ ಹೇಳಲ್ಲ. ಕೆಲವರಿಗೆ ಏನೂ ಆಗಲ್ಲ."

ಆಗದಿದ್ದರೆ ಬೈಸಿಕೊಳ್ಳಬಾರದೆಂದು ಈಗಲೇ ದಾರಿ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಒಪ್ಪಿಗೆಯ ಕಾಗದವನ್ನು ಮೂರು ಸಲ ಓದಿದೆ. ಲಸಿಕೆಯ ಸೀಸೆಯನ್ನು ಇಸಿದುಕೊಂಡು ದಿನಾಂಕ ನೋಡಿದೆ.

"ಪೊಲೀಸ್‌ನೋರ ಥರ ನೋಡ್ತಿದೀರಲ್ಲ ಸರ್" ಎಂದು ಅವರು ನಕ್ಕರು. ಆಮೇಲೆ ಚುಚ್ಚಿದರು. ಕಣ್ಣಲ್ಲಿ ನೀರು ಬರುವಷ್ಟು ಉರಿಯಿತು.

ಮನೆಗೆ ಬಂದವನೇ ಕೌನ್ಸಿಲ್‌ನ ತೆರಿಗೆ ಪತ್ರವೊಂದರ ಹಿಂಬದಿಯಲ್ಲಿ ಎರಡೂ ಕೈಗಳನ್ನು ಊರಿ, ಸುತ್ತ ಪೆನ್ನಿನಿಂದ ಗೆರೆ ಎಳೆದು, ಏಳೂ ನರಹುಲಿಗಳ ಜಾಗಕ್ಕೆ ಚುಕ್ಕಿ ಇಟ್ಟೆ. ನಾಳೆ ಡಾಕ್ಟರು ಕಡಿಮೆಯಾಗಿದೆ ಎಂದರೆ ನನ್ನ ಹತ್ತಿರ ಪುರಾವೆ ಇರಬೇಕಲ್ಲ. ಎರಡು ದಿನ ಹೆಬ್ಬೆರಳು ಬಾತು, ಮೈ ಬೆಚ್ಚಗಾಗಿತ್ತು. ಮೂರು ವಾರ ಬಿಟ್ಟು ಎರಡನೆಯ ಸಲ ಚುಚ್ಚಿಸಿಕೊಂಡೆ. ಒಂದು ಚುಕ್ಕಿಯೂ ಕಡಿಮೆಯಾಗಿರಲಿಲ್ಲ. ನನ್ನ ಅನುಮಾನ ನಿಜವಾಯಿತೆಂದು ಒಂದು ಥರದ ಸಮಾಧಾನವೂ ಆಯಿತು.

ಮೂರನೆಯ ಚುಚ್ಚುಮದ್ದಿನ ಮುಂಚಿನ ವಾರ ಸ್ನಾನ ಮಾಡುವಾಗ ಎಡಗೈ ಕಿರುಬೆರಳು ನುಣ್ಣಗೆ ಇತ್ತು. ಸೋಪು ಇರಬೇಕೆಂದು ತೊಳೆದು ಮತ್ತೆ ಮುಟ್ಟಿ ನೋಡಿದೆ. ಕಿಟಕಿಯ ಬೆಳಕಿಗೆ ಹಿಡಿದೆ. ಕಾಗದದ ಮೇಲೆ ಕೈಯಿಟ್ಟೆ. ಚುಕ್ಕಿ ಇತ್ತು, ನರಹುಲಿ ಇರಲಿಲ್ಲ. ಸೂಜಿ ಆ ಕೈಯನ್ನು ಮುಟ್ಟಿಯೇ ಇರಲಿಲ್ಲ. ಮುಂದಿನ ವಾರಗಳಲ್ಲಿ ಎಡಗೈ ಪೂರ್ತಿ ಸಾಫಾಯಿತು. ಬಲಗೈಯಲ್ಲೂ ಒಂದೊಂದೇ ಉದುರಿದವು. ನನಗೆ ಖುಷಿಯಾಗಲಿಲ್ಲ, ಸಿಟ್ಟು ಬಂತು. ಯಾರಿಗೂ ಬೇಡದ ಈ ಗಂಟುಗಳಿಗೆ ನನ್ನ ಮೈ ಎದ್ದು ಬಂತು. ಅವಳದು ಯಾಕೆ ಏಳಲಿಲ್ಲ?

ಕೊನೆಯ ಸಲ ಹೋದಾಗ ಚುಚ್ಚಿಸಿಕೊಂಡ ಹೆಬ್ಬೆರಳಿನದೊಂದೇ ಉಳಿದಿತ್ತು, ಕಪ್ಪಗಾಗಿ ಅರ್ಧಕ್ಕಿಳಿದು. ಎಡೆಗೆ ಒಂದು ವಾರವಿತ್ತು.

"ರೊಟ್ಟಿ ಬಡೀಬೇಕ್ರಿ. ಗ್ಲೌಸ್ ಬೇಕೇನ್ರಿ?"

"ಬೇಡ ಸರ್. ಕೈ ತೊಳೆದು, ಅದರ ಮೇಲೆ ನೀರು ಹೋಗದಿರೋ ಪ್ಲಾಸ್ಟರ್ ಹಾಕಿ. ಸಾಕು."

ಬಾಗಿಲ ತನಕ ಹೋಗಿ ತಿರುಗಿದೆ. "ಆವಾಗ ಬೇಕಿತ್ತೇನ್ರಿ? ಆಕಿನ್ನ ಮುಟ್ಟಾಕ?"

ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಸಮಾಧಾನದ ಸುಳ್ಳು ಹುಡುಕುತ್ತಿದ್ದಾರೆ ಎಂದು ಅವರ ಮುಖವನ್ನೇ ನೋಡುತ್ತಾ ನಿಂತೆ.

"ಆಗಲೂ ಇಷ್ಟೇ ಸಾಕಾಗ್ತಿತ್ತು ಅನ್ಸತ್ತೆ ಸರ್" ಎಂದರು. "ಆದ್ರೆ ನಾನು ಅವರನ್ನ ನೋಡಿರಲಿಲ್ಲ. ಖಚಿತವಾಗಿ ಹೇಳೋಕಾಗಲ್ಲ."

ಹೇಳಿದ್ದು ಸಮಾಧಾನದ ಮಾತೇನಲ್ಲ. ಅದಕ್ಕೇ ಇರಬೇಕು, ನಂಬಿದೆ. ಮನೆಗೆ ಬರುವ ದಾರಿಯಲ್ಲಿ ಬಸ್ಸು ಇಳಿಯಬೇಕಾದ ಸ್ಟಾಪು ದಾಟಿಹೋಯಿತು.

ಎಡೆಯ ದಿನ ಬೆಳಿಗ್ಗೆ ಅವಳ ತಂಗಿ ಬದನೆಕಾಯಿ ಎಣ್ಣೆಗಾಯಿ, ಹೋಳಿಗೆ ತಂದಳು. ಚೀಲದಲ್ಲಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯೂ ಇತ್ತು. ಅವಳಿಗೆ ನನ್ನ ಮೇಲೆ ಭರವಸೆ ಇರಲಿಲ್ಲ. ನನ್ನ ಎರಡೂ ಕೈ ಹಿಡಿದು ತಿರುವಿ ತಿರುವಿ ನೋಡಿದಳು. "ಖರೇನ ಹೋಗ್ಯಾವಲ್ರಿ!" ಎಂದಳು. ಹೆಬ್ಬೆರಳಿನ ಪ್ಲಾಸ್ಟರ್ ಕಂಡು ಕೈ ಬಿಟ್ಟಳು.

ಕುದಿಯುವ ನೀರು ಹಾಕಿ ಹಿಟ್ಟು ನಾದಿದೆ. ಬಿಸಿ ಅಂಗೈಗೆ ನೇರವಾಗಿ ತಾಗಿತು. ಮೊದಲನೆಯ ರೊಟ್ಟಿ ತಟ್ಟುವಾಗಲೇ ಪ್ಲಾಸ್ಟರ್ ಬಿಚ್ಚಿ ಹಿಟ್ಟಿಗೆ ಅಂಟಿತು. ತಂಗಿ ನೋಡುತ್ತಿದ್ದಳು. ನಾನು ಅಷ್ಟೂ ಹಿಟ್ಟನ್ನು ಕಸದ ಡಬ್ಬಿಗೆ ಹಾಕಿ, ಕೈ ತೊಳೆದು, ಹೊಸ ಪ್ಲಾಸ್ಟರ್ ಬಿಗಿಯಾಗಿ ಸುತ್ತಿಕೊಂಡು ಮತ್ತೆ ನೀರು ಕುದಿಯಲು ಇಟ್ಟೆ. ಈ ಸಲ ಹೆಬ್ಬೆರಳನ್ನು ಮೇಲೆತ್ತಿಕೊಂಡು ಉಳಿದ ಬೆರಳುಗಳಲ್ಲೇ ಬಡಿದೆ. ಒಂದು ಅಂಚು ದಪ್ಪ, ನಡುವೆ ಒಂದು ಬಿರುಕು. ಹಂಚಿನ ಮೇಲೆ ಹಾಕಿದರೆ ಅರ್ಧ ಮಾತ್ರ ಉಬ್ಬಿತು.

"ಇನ್ನೊಂದು ಬಡೀರಿ ಮಾಮಾ, ಇದನ್ನ ಹೆಂಗ ಇಡ್ತೀರಿ?"

"ಹೆಂಗ ಬರತೈತಿ ನೋಡೋಣು ಅಂದಿದ್ಲವಾ ನಿಮ್ಮಕ್ಕ" ಎಂದೆ.

ಅವಳು ತನ್ನ ರೊಟ್ಟಿಯ ಗಂಟನ್ನು ಬಿಚ್ಚಲೇ ಇಲ್ಲ. ಫೋಟೋದ ಮುಂದಿನ ತಾಟಿನಲ್ಲಿ ಜಾಗ ಮಾಡಿಕೊಟ್ಟಳು. ಇನ್ನೂ ಬಿಸಿಯಿದ್ದ ಆ ಒಂದು ರೊಟ್ಟಿಯನ್ನು ಬರಿಗೈಯಲ್ಲೇ ಎತ್ತಿ ಅಲ್ಲಿಟ್ಟೆ.