ಡಾಕ್ಟರ ತಲೆ ಮೇಲಿನ ಅಟ್ಟ

ದೆವ್ವ ಕಂಡೆ, ಗಾಳಿ ಮೆಟ್ಟಿತು ಅನ್ನುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕೆಲಸವಿಲ್ಲದವರಿಗೆ ಅವೆಲ್ಲ ಕಾಣುತ್ತವೆ, ನನಗೆ ದನಕರು ನೋಡುವುದಕ್ಕೇ ಹೊತ್ತು ಸಾಲದು ಎಂದು ಮುಖಕ್ಕೇ ಹೇಳಿಬಿಡುತ್ತಿದ್ದೆ. ಈಗಲೂ ಅಂಥ ಕತೆ ಹೊತ್ತು ತಂದವರಿಗೆ ನಮ್ಮನೆಯಲ್ಲಿ ಕಾಫಿ ಸಿಕ್ಕುವುದಿಲ್ಲ. ಆದರೆ ನಮ್ಮ ಅಟ್ಟದ ವಿಷಯ ಬೇರೆ. ಅದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ದಂಡಿನಶಿವರದಿಂದ ಸ್ವಲ್ಪ ಒಳಕ್ಕೆ ನಮ್ಮೂರು. ಊರಿಗೆ ಎಸ್‌ಟಿಡಿ ಬೂತು ಬಂದ ಹೊಸತು. ಅದೇ ಕಾಲದಲ್ಲಿ ತಿಪಟೂರಿನ ಕಡೆಯ ಒಬ್ಬ ಹುಡುಗ ಡಾಕ್ಟರು ಕ್ಲಿನಿಕ್ ಇಡಲು ಜಾಗ ಹುಡುಕಿಕೊಂಡು ಬಂದರು. ನಮ್ಮ ಮನೆಯ ಮುಂದಿನ ಭಾಗವನ್ನು ನಾನೇ ಕೊಟ್ಟೆ. ದಾನಬುದ್ಧಿಯಿಂದ ಅಲ್ಲ. ಹಿಂದಿನ ವರ್ಷ ಸೊಸೆ ರತ್ನ ತುರುವೇಕೆರೆ ಆಸ್ಪತ್ರೆ ಮುಟ್ಟುವ ಮೊದಲೇ ದಾರಿಯಲ್ಲಿ ಜೀಪಿನೊಳಗೇ ಹೆತ್ತಿದ್ದಳು. ಮಗು ಉಳಿಯಲಿಲ್ಲ, ಅವಳು ಉಳಿದದ್ದೇ ಹೆಚ್ಚು. ಈಗ ಮತ್ತೆ ಬಸುರಿ. ಹೆರಿಗೆ ಮಾಡಿಸುವವರು ಬಾಗಿಲಲ್ಲೇ ಇರಲಿ ಎಂದು ನನ್ನ ಆಸೆ.

ಮುಂದಿನ ಭಾಗ ಕೊಟ್ಟರೂ ಅದರ ಮೇಲಿನ ಅಟ್ಟ ಕೊಡಲಿಲ್ಲ. ಅಲ್ಲಿ ಆಗಷ್ಟೇ ತೋಟದ ತೆಂಗಿನಕಾಯಿ ತುಂಬಿಸಿದ್ದೆವು. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದ ಕಾಯಿಯನ್ನು ನಮ್ಮ ಕಡೆ ಹತ್ತಿರ ಹತ್ತಿರ ವರ್ಷ ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಬೇಕು, ಕೊಬ್ಬರಿ ಚಿಪ್ಪು ಬಿಡಬೇಕು. ಅಲ್ಲಾಡಿಸಿದರೆ ಒಳಗೆ ಗಡಗಡ ಅಂದಾಗಲೇ ಇಳಿಸುವುದು. ಆ ಸದ್ದು ನನಗೆ ನಿದ್ದೆಗಣ್ಣಿನಲ್ಲೂ ಗೊತ್ತಾಗುತ್ತದೆ.

ಡಾಕ್ಟರು ಒಳ್ಳೆಯವರೇ. ಆದರೆ ಅವಸರದ ಮನುಷ್ಯ. ಒಬ್ಬರ ಗಾಯ ಒರೆಸಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಇನ್ನೊಬ್ಬರ ನಾಲಿಗೆ ನೋಡುವುದು, ನೀರು ಕುದಿಯುವ ಮೊದಲೇ ಸೂಜಿ ಎತ್ತುವುದು, ಹೀಗೆ. ನಾನು ಬೆಂಚಿನ ಕೊನೆಯಲ್ಲಿ ಅವರೆಕಾಯಿ ಸುಲಿಯುತ್ತ ನೋಡುತ್ತಿದ್ದೆ. ಓದಿದವರು, ನಮಗೇನು ಗೊತ್ತು ಎಂದು ಸುಮ್ಮನಿದ್ದೆ.

ಒಂದು ಮಧ್ಯಾಹ್ನ ಯಾರದೋ ಕೀವು ತೆಗೆದ ಕೈಯಲ್ಲೇ ನಮ್ಮೂರ ಕೆಂಪಣ್ಣನ ಕಾಲಿನ ಹುಣ್ಣಿನ ಬಟ್ಟೆ ಬಿಚ್ಚಲು ಹೋದರು. ಅಟ್ಟದ ಮೇಲೆ ಗಡಗಡ ಎಂದು ಕಾಯೊಂದು ಈ ಗೋಡೆಯಿಂದ ಆ ಗೋಡೆವರೆಗೆ ಉರುಳಿತು. ಒಣಗಿ ಬಲಿತ ಕೊಬ್ಬರಿಯ ಸದ್ದು. ಬೆಂಚಿನವರೆಲ್ಲ ತಲೆ ಎತ್ತಿದರು.

"ಇಲಿ ಜಾಸ್ತಿ ಆಗಿವೆ ಅಜ್ಜಿ," ಎಂದರು ಡಾಕ್ಟರು.

"ಇಲಿ ಕಾಯಿ ಕೊರೀತವೆ ಕಣಪ್ಪ, ಆಟ ಆಡಲ್ಲ," ಎಂದೆ.

ಮಗ ಕುಮಾರನನ್ನು ಏಣಿ ಹತ್ತಿಸಿದೆ. ಅವನು ಟಾರ್ಚು ಬಿಟ್ಟು ನೋಡಿ ಇಳಿದ. "ಹೆಂಚಿನಗಂಟ ತುಂಬೈತೆ, ಬೆರಳಾಕಕ್ಕೂ ಜಾಗ ಇಲ್ಲ. ಉರುಳಾದೆಲ್ಲವ್ವ?" ಎಂದ. ಮೇಲಿನದೊಂದು ಕಾಯಿ ತಂದಿದ್ದ. ಅಲ್ಲಾಡಿಸಿದೆ. ಒಳಗೆ ನೀರು ಕುಲುಕಿತು. ಹಸಿಕಾಯಿ.

ಆಮೇಲೂ ಆಗಾಗ ಉರುಳಿತು. ಅದರ ಜಾಡು ಹಿಡಿದವಳು ರತ್ನ. "ಅತ್ತೆ, ಡಾಕ್ಟ್ರು ಕೈ ತೊಳೀದೆ ಇದ್ದಾಗ್ಲೇ ಅದು ಉರುಳಾದು, ನೋಡ್ತಾ ಇರಿ," ಎಂದಳು. ಬಸುರಿಗೆ ಏನೇನೋ ಅನ್ನಿಸುತ್ತದೆ ಎಂದು ಗದರಿದೆ. ಆದರೆ ಕಿವಿ ಅಲ್ಲೇ ನೆಟ್ಟಿತು. ಅವಳು ಹೇಳಿದ್ದು ಸುಳ್ಳಾಗಲಿಲ್ಲ. ಕುದಿಯದ ಸೂಜಿಗೆ ಉರುಳಿತು. ಮುಚ್ಚದ ಹತ್ತಿಗೆ ಉರುಳಿತು. ಕೆಮ್ಮುವವನನ್ನು ಹಸುಗೂಸಿನ ಪಕ್ಕ ಕೂರಿಸಿದ ದಿನವಂತೂ ಗುಡುಗಿನ ಹಾಗೆ ಉರುಳಿತು.

ಕೆಂಪಣ್ಣನ ಬಾಯಿಗೆ ಬೀಗವಿಲ್ಲ. "ಡಾಕ್ಟ್ರಪ್ಪ, ಮೇಲ್ಗಡೆ ಸಾಹೇಬ್ರು ನೋಡ್ತಾವ್ರೆ. ಸೋಪು ಹಚ್ಕಂಡು ಬಂದ್ಬುಡು," ಎಂದ. ಬೆಂಚೆಲ್ಲ ನಕ್ಕಿತು. ಡಾಕ್ಟರ ಕಿವಿ ಕೆಂಪಾಯಿತು, ಆದರೆ ಎದ್ದು ಹೋಗಿ ತೊಳೆದರು. ಅಟ್ಟ ಸುಮ್ಮನಾಯಿತು. ಅಂದಿನಿಂದ ಅವರು ಏನೇ ಮಾಡಲಿ, ಮೊದಲು ಒಂದು ಸಲ ಮೇಲೆ ನೋಡುವುದು ರೂಢಿಯಾಯಿತು. ಕೆಮ್ಮಿನವರಿಗೆ ಜಗಲಿಯ ಮೇಲೆ ಬೇರೆ ಬೆಂಚು ಬಂತು. ಸೂಜಿ ಕುದಿಯುವ ತನಕ ಮಾತನಾಡುತ್ತ ಕೂರಲು ಡಾಕ್ಟರು ಕಲಿತರು. ಹುಣ್ಣುಗಳು ಕೀವಾಗುವುದು ಕಡಿಮೆಯಾಯಿತು. ಪಕ್ಕದ ಊರುಗಳಿಂದ ಜನ ಬರತೊಡಗಿದರು. ಅರ್ಧ ಜನ ಔಷಧಿಗೆ, ಅರ್ಧ ಜನ ಅಟ್ಟ ಕೇಳುವುದಕ್ಕೆ.

ರತ್ನಳಿಗೆ ದಿನ ತುಂಬುತ್ತ ಬಂದಾಗ ಹೆರಿಗೆ ಮಾಡಿಸುವ ಪರವಾನಗಿಗಾಗಿ ಕ್ಲಿನಿಕ್ ನೋಡಲು ಮೇಲಿನ ಆಫೀಸಿನಿಂದ ಒಬ್ಬ ಡಾಕ್ಟರಮ್ಮ ಬರುತ್ತಾರೆಂದು ಗೊತ್ತಾಯಿತು. ಅವರು ಆಗದು ಎಂದರೆ ರತ್ನಳಿಗೆ ಮತ್ತೆ ಅದೇ ಜೀಪು, ಅದೇ ದಾರಿ. ನಾವೆಲ್ಲ ಸೇರಿ ಹಬ್ಬಕ್ಕೆ ಮಾಡಿದ ಹಾಗೆ ಮಾಡಿದೆವು. ಹಿಂದಿನ ದಿನವೇ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆದೆವು. ತೋರಣ ಕಟ್ಟಿದೆವು. ಮಂಚ, ತಕ್ಕಡಿ, ಔಷಧಿ ಇಡುವ ಫ್ರಿಜ್ಜು, ಎಲ್ಲವನ್ನೂ ಒರೆಸಿ ಆಯುಧಪೂಜೆಯ ಹಾಗೆ ವಿಭೂತಿ ಎಳೆದು ಕುಂಕುಮ ಇಟ್ಟು ಸೇವಂತಿಗೆ ಮುಡಿಸಿದೆವು.

ಡಾಕ್ಟರಮ್ಮ ನಿಧಾನಸ್ಥೆ. ಕುಂಕುಮ ಕಂಡು ನಕ್ಕರು, ಆದರೆ ಮಂಚದ ಅಡಿಯವರೆಗೆ ಬಗ್ಗಿ ನೋಡಿದರು. ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದರು. ಸಹಿ ಹಾಕಲು ಪೆನ್ನಿನ ಕ್ಯಾಪು ತೆಗೆದರು. ಅಟ್ಟದ ಮೇಲೆ ಗಡಗಡ ಎಂದಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿರಬಾರದೇ ಎಂದು ಮನಸ್ಸಿನಲ್ಲೇ ಬೈದೆ. ಡಾಕ್ಟರು ಬಿಳಿಚಿಕೊಂಡರು. "ಮೇಡಂ, ಒಂದ್ನಿಮಿಷ ತಡೀರಿ. ನಾನು ಏನೋ ಮರೆತಿದ್ದೀನಿ," ಎಂದರು. ಸೋಪು ನೋಡಿದರು, ಸೂಜಿ ನೋಡಿದರು. ಆಮೇಲೆ ಹೂವು ಸರಿಸಿ ಫ್ರಿಜ್ಜು ತೆಗೆದು ಕೈ ಇಟ್ಟರು. ಒಳಗೆಲ್ಲ ಬೆಚ್ಚಗಿತ್ತು. ಸುಣ್ಣ ಬಳಿಯುವಾಗ ಕಿತ್ತ ಪ್ಲಗ್ಗನ್ನು ಯಾರೂ ಮತ್ತೆ ಹಾಕಿರಲಿಲ್ಲ. ಪೂಜೆ ಮಾಡಿದವರೇ ಎಲ್ಲ, ಬಾಗಿಲು ತೆರೆದವರಿಲ್ಲ.

"ಹೆತ್ತ ಮೇಲೆ ರಕ್ತ ನಿಲ್ಲಿಸೋ ಇಂಜೆಕ್ಷನ್ ಇದರಲ್ಲೇ ಇತ್ತು. ತಂಪು ಹೋದ್ಮೇಲೆ ಇನ್ನು ನಂಬಕ್ಕಾಗಲ್ಲ," ಎಂದು ಡಾಕ್ಟರು ಡಾಕ್ಟರಮ್ಮನಿಗೆ ತಾವೇ ಹೇಳಿಬಿಟ್ಟರು.

ಡಾಕ್ಟರಮ್ಮ ಕ್ಯಾಪು ಮುಚ್ಚಿದರು. "ಹೊಸದು ತರಿಸಿ. ಬರೋವರೆಗೂ ಇಲ್ಲೇ ಇರ್ತೀನಿ," ಎಂದರು. ಕುಮಾರ ಐಸು ತುಂಬಿದ ಥರ್ಮಾಸು ಹಿಡಿದು ಮೋಟಾರುಬೈಕಿನಲ್ಲಿ ತುರುವೇಕೆರೆಗೆ ಹೋಗಿ ತಂದ. ಅಷ್ಟರಲ್ಲಿ ಡಾಕ್ಟರಮ್ಮ ನಮ್ಮನೆ ಮುದ್ದೆ, ಅವರೆಕಾಳು ಸಾರು ಉಂಡು, ಅಟ್ಟದಲ್ಲಿ ಏನಿದೆ ಎಂದು ಕೇಳಿದರು. ಕಾಯಿ ಎಂದೆ. ಅದು ಸುಳ್ಳಲ್ಲವಲ್ಲ. ಸಂಜೆಗೆ ಸಹಿ ಹಾಕಿ ಹೋದರು.

ಮಾರನೆಯ ಬೆಳಿಗ್ಗೆ ರತ್ನಳಿಗೆ ನೋವು ಬಂತು. ಹೆಣ್ಣುಮಗು, ಗಟ್ಟಿ ಗಂಟಲು. ಆಮೇಲೆ ರಕ್ತ ಹೋಗಲು ಶುರುವಾಯಿತು. ನಿಲ್ಲಲಿಲ್ಲ. ಡಾಕ್ಟರು ಹಿಂದಿನ ಸಂಜೆ ಕುಮಾರ ತಂದ ಇಂಜೆಕ್ಷನ್ ಕೊಟ್ಟರು. ನಿಂತಿತು. ನಾನು ಅಳುವವಳಲ್ಲ. ಹೊರಗೆ ಬಂದು ಎಮ್ಮೆಗೆ ಹುಲ್ಲು ಹಾಕಿದೆ, ಅದು ಬೇಡ ಅಂದರೂ ಹಾಕಿದೆ.

ಕಾಯಿ ಇಳಿಸುವ ಕಾಲ ಬಂದಾಗ ಅಟ್ಟವನ್ನು ಪೂರಾ ಖಾಲಿ ಮಾಡಿಸಿದೆ. ನಾನೇ ಏಣಿ ಹತ್ತಿ ಮೂಲೆಮೂಲೆ ಗುಡಿಸಿದೆ. ಬಿಲವಿಲ್ಲ, ಇಲಿಯ ಹಿಕ್ಕೆಯಿಲ್ಲ, ಒಂದು ಸಿಪ್ಪೆಯ ಚೂರೂ ಉಳಿಯಲಿಲ್ಲ. ಆ ಖುಷಿಗೆ ಬೆಂಚಿನವರಿಗೆಲ್ಲ ಹೊಸ ಕೊಬ್ಬರಿ, ಬೆಲ್ಲ ಹಂಚಿದೆ. ಡಾಕ್ಟರೂ ತಿಂದರು. ಬೆಲ್ಲದ ಕೈಯಲ್ಲೇ ಕೆಂಪಣ್ಣನ ಕಾಲಿಗೆ ಕೈ ಹಾಕಿದರು.

ಗಡಗಡ ಎಂದಿತು. ಈ ಗೋಡೆಯಿಂದ ಆ ಗೋಡೆವರೆಗೆ.

ಕೆಂಪಣ್ಣ ಕಾಲು ಹಿಂದಕ್ಕೆಳೆದುಕೊಂಡ. ನಾನು ಅಟ್ಟ ಗುಡಿಸಿದ ಪೊರಕೆ ಇನ್ನೂ ಏಣಿಗೆ ಒರಗಿಕೊಂಡೇ ಇತ್ತು. ರತ್ನಳ ಮಗಳು ಮಾತ್ರ ಮೇಲೆ ನೋಡಿ ಕೇಕೆ ಹಾಕಿ ನಕ್ಕಳು. ಡಾಕ್ಟರು ಸದ್ದಿಲ್ಲದೆ ಎದ್ದು ಸೋಪಿನ ಕಡೆ ನಡೆದರು.